ಚಕ್ಕುಬಂದಿ

ಸುನಂದಮ್ಮಣ್ಣಿಯವರು ಅದನ್ನು ತಂದದ್ದು
ರೇಷನ್ ಚೀಲದಲ್ಲಿ, ಟವೆಲು ಸುತ್ತಿ,
ಜ್ವರ ಬಂದ ಬೆಕ್ಕನ್ನು ತರುವ ಹಾಗೆ.
ಹದಿನಾರು ವರ್ಷದ ಲ್ಯಾಪ್‌ಟಾಪು. ಒಂದು ಕೀಲು ಸಡಿಲ,
ಇನ್ನೊಂದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ.

"ಹೊಸದೇ ತಗೊಳ್ಳಿ ಅಮ್ಮ, ಇದಕ್ಕೆ ಹಾಕೋ ದುಡ್ಡಿಗೆ..."
"ತಗೊಂಡಿದ್ದೆ ಕಣಪ್ಪ. ಮಗಳಿಗೆ ಕೊಟ್ಬಿಟ್ಟೆ.
ಅದರ ಮೇಲೆ ನನ್ನ ಬೆರಳು ಜಾರುತ್ತೆ,
ಕ್ರಯ ಅಂತ ಹೊಡೆದ್ರೆ ಕ್ಷಯ ಅಂತ ಬರುತ್ತೆ.
ಒಳಗೆ ಏನು ಬೇಕಾದ್ರೂ ಹಾಕು.
ಕೀಲಿಮಣೆ ಮಾತ್ರ ಮುಟ್ಟಬೇಡ."

ನಜರ್‌ಬಾದಿನಲ್ಲಿ, ಜೆರಾಕ್ಸ್ ಅಂಗಡಿಯ ಮೆಟ್ಟಿಲ ಪಕ್ಕ
ಅವರು ಪತ್ರ ಬರೆಯುವುದು.
ಎಷ್ಟು ಸೈಟು, ಎಷ್ಟು ಅಣ್ಣತಮ್ಮಂದಿರ ಪಾಲು
ಈ ಮಣೆಯ ಮೇಲೆ ಹಾದುಹೋಗಿದೆಯೋ,
'ಅ' ಸವೆದು ಬಿಳಿಚುಕ್ಕೆ,
'ರ' ಇದ್ದಲ್ಲಿ ಒಂದು ನುಣುಪಾದ ಗುಳಿ.

ರಾತ್ರಿ ಶಟರ್ ಅರ್ಧ ಎಳೆದು ಬಿಚ್ಚಿದೆ.
ಒಂದು ಗುಂಡುಪಿನ್ನು, ಛಾಪಾಕಾಗದದ ಚೂರು,
ಹೆಬ್ಬೆಟ್ಟಿನ ಶಾಯಿ ಅಂಟಿದ ಧೂಳಿನುಂಡೆ,
ಅರ್ಧ ಲವಂಗ.
ಇಷ್ಟರ ಮಧ್ಯೆ ಫ್ಯಾನು ತಿರುಗುತ್ತಿತ್ತು ಇಷ್ಟು ದಿನ.
ಹಳೆಯ ಬೋರ್ಡು ಎತ್ತಿದರೆ ಅಡಿಯಲ್ಲಿ
ಅದರದೇ ಆಕಾರದ ಮಾಸು,
ಗೋಡೆಯಿಂದ ಫೋಟೋ ಇಳಿಸಿದ ಹಾಗೆ.

ಹೊಸದು ಅಂಗೈಯಷ್ಟೇ.
ಅಷ್ಟಗಲದ ಮನೆಯಲ್ಲಿ ಮೂಲೆ ಹಿಡಿದು ಕೂತಿತು.
ಆದರೂ ಮುಚ್ಚಳ ಕೂರಲಿಲ್ಲ: ಅಗಲ ಇದೆ, ಎತ್ತರ ಇಲ್ಲ,
ಎರಡೇ ಎರಡು ಮಿಲಿಮೀಟರು.

ಮಂಡಿ ಮೊಹಲ್ಲದ ಓಣಿಯಲ್ಲಿ ಇನಾಯತ್ ಮಾಮು
ಐವತ್ತು ವರ್ಷ ಬೀಟೆ ಹಲಗೆಯಲ್ಲಿ ಗುಳಿ ತೋಡಿ
ಆನೆ ಕೂರಿಸಿದವರು. ಎರಡು ವರ್ಷ ನಾನೂ ಅಲ್ಲಿದ್ದೆ,
ಬರೀ ಬಾಲ ಕೊಯ್ಯುತ್ತ.
"ಚೂರು ಕಮ್ಮೀನೇ ತೋಡು. ಮರ ತೆಗೀಬಹುದು,
ವಾಪಸ್ ಇಡೋಕಾಗಲ್ಲ" ಅನ್ನುತ್ತಿದ್ದರು.
ಇದು ಪ್ಲಾಸ್ಟಿಕ್ಕು ತಾನೇ ಎಂದು
ಜಾಸ್ತಿಯೇ ಉಜ್ಜಿದೆ. ಅರ ಆಚೆ ಬಂತು,
ಅದರ ಹಿಂದೆ ಟ್ಯೂಬ್‌ಲೈಟಿನ ಬೆಳಕು.
ಆ ರಾತ್ರಿ ತರಿಸಿದ ಚಹಾ ಕೆನೆಗಟ್ಟಿತು.

ಕೀಲಿಮಣೆಯ ಪಟ್ಟಿಯಲ್ಲಿ ಇಪ್ಪತ್ತಾರು ಎಳೆ.
ಹೊಸ ಬೋರ್ಡಿಗೆ ಅದರ ಭಾಷೆ ಬಾರದು,
ನಡುವೆ ಉಗುರಗಲದ ಚಿಪ್ಪೊಂದನ್ನು ದುಭಾಷಿಯಾಗಿಟ್ಟೆ.
'ಮ' ಒತ್ತಿದರೆ 'ಳ' ಬಂತು. 'ಳ' ಒತ್ತಿದರೆ ಏನೂ ಇಲ್ಲ.
ಮೂರು ರಾತ್ರಿ ಒಂದೊಂದು ಕೀಲಿಯನ್ನೂ ತಟ್ಟಿ,
ಯಾರಿದ್ದೀರಿ ಎಂದು ಕೇಳಿ, ಬರೆದುಕೊಂಡೆ,
ಜನಗಣತಿಯ ಮೇಷ್ಟರ ಹಾಗೆ.

ಹಿಂಬದಿಯ ತೂತುಗಳು ಉಳಿದವು.
ಫೋನ್ ತಂತಿಗೊಂದು, ಹಳೇ ಮಾನಿಟರಿಗೊಂದು,
ಯಾವುದಕ್ಕೂ ಈಗ ಒಳಗೆ ನೆಂಟರಿಲ್ಲ.
ಮಾಮು ಕನ್ನಡಕ ಹಣೆಗೇರಿಸಿ ನೋಡಿದರು.
ಮಾತಿಲ್ಲದೆ ಹಲಸಿನ ಚೂರು ಕೊಯ್ದು, ಉಜ್ಜಿ, ಒತ್ತಿದರು.
ಕೂತುಬಿಟ್ಟಿತು.
ನಾನು ಕೊರೆದ ತೂತಿಗೂ ಒಂದು. ಹಳದಿ, ಸಪೂರ,
ತುದಿಯಲ್ಲಿ ಸ್ವಲ್ಪ ಕುಚ್ಚು: ಆನೆಯ ಬಾಲ.
ಬೇಕೆಂದೇ ಮಾಡಿದ್ದು.

ಸೋಮವಾರ ಅಮ್ಮಣ್ಣಿಯವರು ಗುಂಡಿ ಒತ್ತಿ
ಕಿವಿ ಹತ್ತಿರ ತಂದರು.
"ಸದ್ದೇ ಇಲ್ವಲ್ಲೋ. ಬದುಕಿದೆಯಾ?"
"ಇದಕ್ಕೆ ಫ್ಯಾನು ಬೇಡ ಅಮ್ಮ."
"ಅದು ಗೊರ್ ಅನ್ನೋವರೆಗೂ ಪಾರ್ಟಿಯವರು
ಕೆಲಸ ನಡೀತಿದೆ ಅಂತ ಸುಮ್ಮನೆ ಕೂತಿರೋರು.
ಇನ್ನು ಎದ್ದೆದ್ದು ಬಂದು ಕೇಳ್ತಾರೆ ನೋಡು."

ಆಮೇಲೆ ಬೆರಳಿಟ್ಟರು.
ಕಣ್ಣು ನನ್ನ ಕಡೆಗೇ ಇತ್ತು, ಬೆರಳು ತಾನೇ ನಡೆಯಿತು:
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ ಚೌಡಯ್ಯನವರ ಖಾಲಿ ನಿವೇಶನ,
ದಕ್ಷಿಣಕ್ಕೆ ಮೋರಿ.
ಒಂದಕ್ಷರ ತಪ್ಪಲಿಲ್ಲ.
"ಚಕ್ಕುಬಂದಿ ಸರಿಯಿದೆ" ಅಂದರು,
ಬಾಲದ ಮೇಲೆ ಹೆಬ್ಬೆರಳಾಡಿಸುತ್ತ.

ದುಡ್ಡೆಣಿಸುವಾಗ ನಿಲ್ಲಿಸಿ,
"ಮುನ್ನೂರು ಹಿಡ್ಕೋತೀನಿ. ಸದ್ದು ತೆಗೆದದ್ದಕ್ಕೆ."

ಹಿಡಿದುಕೊಂಡರು.
ಹಳೆಯ ಫ್ಯಾನನ್ನು ಕಾಗದದಲ್ಲಿ ಸುತ್ತಿ
ಚೀಲಕ್ಕೆ ಹಾಕಿಕೊಟ್ಟೆ.