ಮುಂದಿನ ವಾಯಿದೆ

ಬೋಳಾರದ ಇಳಿಜಾರು,
ಮುಚ್ಚಿದ ಹೆಂಚಿನ ಕಾರ್ಖಾನೆಯ ಹಿಂದೆ
ಹನ್ನೊಂದೂವರೆ ಸೆಂಟ್ಸ್ ಜಾಗ.
ಅಣ್ಣ ತಂಗಿಯ ಪಾಲಿನ ದಾವೆ,
ಈಗ ಇಪ್ಪತ್ತೆರಡನೆಯ ವರ್ಷ.
ಅದರ ಫೈಲು ಹೊರುವ ಗುಮಾಸ್ತ ನಾನು;
ಎದುರು ಫ್ಲಾಟಿನ ಮೂರನೇ ಮಾಳಿಗೆಯಲ್ಲಿ
ಬಾಡಿಗೆಗಿರುವವನೂ ನಾನೇ.

ಮೊದಲು ಅಲ್ಲಿದ್ದದ್ದು
ಒಡೆದ ಕಮೋಡು, ಡಯಾಪರು, ಹೆಗ್ಗಣ,
'ಈ ಸ್ಥಳ ನ್ಯಾಯಾಲಯದಲ್ಲಿದೆ' ಎಂಬ ಬೋರ್ಡು.
ಕರ್ಮಿಣ್ ಬಾಯಿ ಆ ಬೋರ್ಡಿನ ಕಂಬಕ್ಕೇ
ಬಸಳೆ ಹಬ್ಬಿಸಿದರು.
ಕೇಳಿದ್ದಕ್ಕೆ,
"ಬಳ್ಳಿ ಪಾರ್ಟಿ ಅಲ್ಲವಲ್ಲ ಮಾರಾಯಾ, ಕೇಸಿನಲ್ಲಿ?"

ಆಮೇಲೆ ಒಬ್ಬೊಬ್ಬರೇ.
ದಕ್ಕೆಯಿಂದ ಮೀನು ತೊಳೆದ ನೀರು
ಕ್ಯಾನಿನಲ್ಲಿ ಹೊತ್ತು ತಂದಳು ಲೋಲಾಕ್ಷಿ.
ಮೂಗು ಮುಚ್ಚಿ ಬೈದವರು ತಿಂಗಳು ಕಳೆದು
ಹರಿವೆ ದಂಟಿನ ದಪ್ಪ ನೋಡಿ
ಬಾಯಿ ಮುಚ್ಚಿದರು.
ಪೊಡಿಯಬ್ಬ ಸುಡುಮಣ್ಣು ಮಾಡಲು ಬೆಂಕಿಯಿಟ್ಟ ಸಂಜೆ
ಡಾಕ್ಟರಮ್ಮ ಹೆದರಿ ಫೈರ್ ಇಂಜಿನ್ ಕರೆಸಿದರು;
ಬಂದವರು, ಬಂದ ತಪ್ಪಿಗೆ,
ತೊಂಡೆ ಚಪ್ಪರಕ್ಕೆ ನೀರು ಬಿಟ್ಟು ಹೋದರು.

ಕುಷ್ಟಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಎಲ್ಲವ್ವ
ಸೆರಗಿನ ಗಂಟು ಬಿಚ್ಚಿ
"ಪುಂಡಿ ಬೀಜ ಅದಾವ್ರಿ" ಅಂದಾಗ ಎಲ್ಲರಿಗೂ ನಗು.
ಪುಂಡಿಯೆಂದರೆ ನಾವು
ಅಕ್ಕಿ ಕಡೆದು, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸುವುದು.
ಬಿತ್ತುವುದುಂಟೇ!
ಅವಳು ಬಿತ್ತಿದಳು.
ಹುಳಿ ಹುಳಿ ಎಲೆ ಬಂತು,
ನೆಬಿಸಳ ಒಲೆಯಲ್ಲಿ ಒಣ ಸಿಗಡಿಯ ಜೊತೆ ಬೆಂದಿತು.
ಪುಂಡಿಗೆ ಪುಂಡಿ ನೆಂಚಿಕೊಂಡು ಉಣ್ಣುವ ಕೇರಿ
ಲೋಕದಲ್ಲಿ ಇದೊಂದೇ ಇರಬೇಕು.

ನಮಗೆ ಪಂಚಾಂಗವಿಲ್ಲ.
ಸಂಜೆ ಗೇಟಿನ ಬಳಿ ನನ್ನನ್ನು ಕಾಯುತ್ತಾರೆ:
"ಎಷ್ಟು ದಿನ ಕೊಟ್ಟರು?"
ಮೂವತ್ತು ಎಂದರೆ ಹರಿವೆ.
ಐವತ್ತಾದರೆ ಅಲಸಂಡೆ, ಊರ ಬೆಂಡೆ.
ಬೇಸಗೆ ರಜೆ ಕಳೆದ ಮೇಲೆ ಎಂದರೆ ಸೌತೆ,
ಬಾಳೆನಾರಿನಲ್ಲಿ ಕಟ್ಟಿ
ಮಳೆಗಾಲವಿಡೀ ಮಾಡಿಗೆ ತೂಗಿಸುವಷ್ಟು.
ಜಡ್ಜರಿಗೆ ವರ್ಗವಾದ ದಿನ ಪಾಯಸ ಮಾಡಿದ್ದರು.
ಸಂಬಳ ಕೊಡುವ ವಕೀಲರ ಕೇಸು
ಮುಗಿಯದಿರಲಿ ಎಂದು ಕೈಮುಗಿದ ಗುಮಾಸ್ತ
ಬೇರೆ ಯಾರಾದರೂ ಇದ್ದಾನೆಯೇ?
ಆ ಪಾಪಕ್ಕೆ ನನ್ನ ಪಾಲು,
ವಾರಕ್ಕೆರಡು ಕಟ್ಟು ಬಸಳೆ.

ಮೊನ್ನೆ ಒಬ್ಬರು ಕಾರು ನಿಲ್ಲಿಸಿ,
ಶೂಸಿಗೆ ಮಣ್ಣಾಗದ ಹಾಗೆ
ಪಾತಿಯಂಚಿನ ಹೆಂಚಿನ ಮೇಲೆ ನಿಂತು ಕೇಳಿದರು,
"ಸೆಂಟ್ಸಿಗೆ ಏನು ರೇಟು ಇಲ್ಲಿ?"
ಕಾಗದದ ರೇಟು ನನಗೆ ಬಾಯಿಪಾಠ.
ಹೇಳಬೇಕೆನ್ನುವಷ್ಟರಲ್ಲಿ ಕಂಡರು
ಮೂಲೆಯ ಅರ್ಧ ಸೆಂಟ್ಸಿನಲ್ಲಿ,
ಪಾರ್ಕಿಂಗ್ ಜಗಳದಲ್ಲಿ ಮಾತು ಬಿಟ್ಟ
ಎದುರುಬದುರು ಬಾಗಿಲಿನವರು,
ಒಂದೇ ಪೈಪಿಗೆ ಇಬ್ಬರೂ ಕೈಹಾಕಿ.
ಮಾತು ಈಗಲೂ ಇಲ್ಲ. ನೀರು ಮಾತ್ರ.
ಅದರ ಬೆಲೆ ಎಷ್ಟೆಂದು
ಯಾವ ಸಬ್‌ರಿಜಿಸ್ಟ್ರಾರರನ್ನು ಕೇಳಲಿ?
"ಗೊತ್ತಿಲ್ಲ ಸರ್" ಅಂದೆ.
ಲೋಲಾಕ್ಷಿ ಅವರ ಕೈಗೆ ಎಂಟು ಬೆಂಡೆಕಾಯಿ ಕೊಟ್ಟಳು;
ಪರ್ಸು ತೆಗೆದದ್ದಕ್ಕೆ ಬೈದಳು ಕೂಡ.

ನಿನ್ನೆ ವಾದ ಮುಗಿಯಿತು.
ತೀರ್ಪಿಗೆ ಹದಿನೆಂಟು ದಿನ.
ಗೇಟಿನಲ್ಲಿ ಹೇಳಿದೆ. ಯಾರೂ ಏನೂ ಅನ್ನಲಿಲ್ಲ.
ಹದಿನೆಂಟು ದಿನಕ್ಕೆ ಬರುವುದು ಮೆಂತೆ,
ಅದೂ ಬೆರಳುದ್ದ.

ಇವತ್ತು ಬೆಳಿಗ್ಗೆ ಎಂಬತ್ತೊಂದರ ಕರ್ಮಿಣ್ ಬಾಯಿ
ಎಲ್ಲವ್ವನ ಗಂಡನಿಂದ ಹಾರೆ ಹಾಕಿಸಿ
ಮುರಕಲ್ಲು ಠಣ್ ಎನ್ನುವವರೆಗೆ ಹೊಂಡ ತೋಡಿಸಿ
ಜಾಗದ ನಟ್ಟನಡುವೆ
ದೀಗುಜ್ಜೆ ಸಸಿ ಇಟ್ಟರು.

"ಬಾಯಿ, ಇದು ಕಾಯಿ ಬಿಡಲು ಐದು ವರ್ಷ ಬೇಕು."

"ಮತ್ತೆ? ಸೋತವರು ಅಪೀಲು ಹೋಗುವುದಿಲ್ಲವಾ?"

ಬುಡಕ್ಕೆ ಮಣ್ಣೆಳೆದು
ನಾನೇ ಮೆಟ್ಟಿದೆ,
ಆಫೀಸಿನ ಚಪ್ಪಲಿಯಲ್ಲೇ.