ಪಾಟಾ ಹೇಳಿದ ಲೆಕ್ಕ

ನಂಗ ರಾಗ ತಿಳಿಯೂದಿಲ್ರಿ, ತೂಕ ತಿಳಿತೈತಿ.
ಬನಹಟ್ಟಿ ಬಿಡೂಮುಂದ ಹಿಂದಿನ ಪಾಟಾ
ಎಷ್ಟು ಬಗ್ಗೇತಿ ಅನ್ನೂದ ನೋಡಿ ಹೇಳತೀನಿ
ಇವತ್ತು ರಾತ್ರಿ ಹಾಡು ಹೆಂಗ ಬರತಾವು ಅಂತ.

ಮೊದಲನೇ ವರ್ಷ ಮೂರ ಮಂದಿ.
ದಾನೇಶ, ಕೊರಳಾಗ ಮಿರಜದಾಗ ಕೊಂಡ ಹಳೇ ಗಿಟಾರು.
ಬೆಳಗಾವಿ ಕ್ಯಾಂಪಿನ ಇನಾಸ, ಬೇಸ್‌ನಂವ, ಮಾತು ಕಡಿಮಿ.
ದಸ್ತಗೀರ, ಪಾವರ್‌ಲೂಮ್ ಶೆಡ್ಡಿನಿಂದ ಸೀದಾ ಎದ್ದು ಬಂದಾಂವ,
ಹನ್ನೆರಡು ತಾಸು ಮಗ್ಗದ ಮುಂದ ನಿಂತು
ರಾತ್ರಿ ಅದ ಸಪ್ಪಳಾನ ಡ್ರಮ್ಮಿನ್ಯಾಗ ಬಾರಸಾಂವ:
ಖಟಾಖಟ್ ಖಟಾಖಟ್, ಎಳಿ ಹರಿದ್ರೂ ನಿಂದರಾಂಗಿಲ್ಲ.
ಹಾಡು ಎರಡು ನಿಮಿಷ, ಅದರ ಮ್ಯಾಲ ಇಲ್ಲ.
ಸೇಠನ ಹಿಸಾಬಿಗೆ ಬೈಗಳ, ಹೋದ ಕರೆಂಟಿಗೆ ಬೈಗಳ,
ದನಾ ಕಾಯಾಂವರ ಧಾಟಿ, ಅದರ ಬಾಲಕ್ಕ ಬೆಂಕಿ.
ಹೆಸರು ಹರಕ ಚಾಪಿ. ಬಾಗಲಾ ಮ್ಯಾಲ ನಾನ ಬರದೆ,
ಕೆಂಪು ಬಣ್ಣ ಸಾಲದಕ್ಕ ಕಡೀ ‘ಪಿ’ ಅಷ್ಟು ಹಸರ.

ಆವಾಗ ಗಾಡಿ ಹಗುರ. ತಗ್ಗು ಬಂದ್ರ ಎಲ್ಲಾರೂ ಜಿಗೀತಿದ್ರು,
ಜಿಗದ ಜಾಗಾದಾಗ ಹೊಸಾ ಹಾಡು ಹುಟ್ಟತಿತ್ತು.
ಮಹಾಲಿಂಗಪುರದ ಬೆಲ್ಲದ ಪ್ಯಾಟ್ಯಾಗ
ನಲವತ್ತು ಮಂದಿ ಬಂದ್ರು, ಮೂವತ್ತು ಹಮಾಲರು.
ಅವರು ಕುಣದ ಧೂಳು ಇನ್ನೂ ನನ್ನ ಏರ್ ಫಿಲ್ಟರಿನ್ಯಾಗ ಐತಿ.

ಇನಾಸ ಹ್ವಾದ. ಜಗಳಿಲ್ಲ, ಏನಿಲ್ಲ.
ಸಾಂಗಲಿ ಲಗ್ನದ ಬ್ಯಾಂಡಿನಾಂವರು ಸೀಜನ್ನಿಗೆ ಇಷ್ಟಂತ ಗೊತ್ತು ಮಾಡಿದ್ರು.
ಅವನ ಪೆಟ್ಟಿಗಿಯಷ್ಟು ದೊಡ್ಡ ಸ್ಪೀಕರೂ ಇಳೀತು.
ಪಾಟಾ ಎರಡು ಬೆರಳು ಮ್ಯಾಲೆದ್ದಿತು.
ಆ ತಿಂಗಳ ಹಾಡಿಗೆ ನೆಲಾನ ಇರಲಿಲ್ಲ.

ಅವನ ಜಾಗಾಕ ತೇರದಾಳದ ಗಂಗಯ್ಯ, ಜೋಡಿ ಅವನ ಪೇಟಿ.
ಭಜನಿ ಮನಶಾ. ತಂಬಾಕು ತಿಕ್ಕಿ, ಕಣ್ಣು ಮುಚ್ಚಿ
ಒಂದ ಸ್ವರ ಹಿಡದ್ರ ಲೋಕಾಪುರ ಮುಟ್ಟೂತನಕ ಬಿಡಾಂವಲ್ಲ.
ಹಾಡು ಆರು ನಿಮಿಷ ಆದವು.
ಬೈಗಳ ಅವ ಇದ್ದವು, ಖರೆ ಯಾರೋ ಸತ್ತಾಗ ಬೈದಂಗ.
ಮುಧೋಳದ ಕಾಲೇಜ ಹುಡುಗರು ಒದರಿದ್ರು:
“ಜೋರ್ ಹೊಡೀರಲೇ, ಶಿವರಾತ್ರಿ ಜಾಗರಣಿ ಹಚ್ಚೀರೇನು?”
ದಾನೇಶ ನಕ್ಕ. ಗಂಗಯ್ಯ ಕಣ್ಣು ತೆರೀಲಿಲ್ಲ.

ದಸ್ತಗೀರನ ಕಿವಿ ಯಾರ ಮಾತಿಗೂ ಕಾಯಲಿಲ್ಲ.
ಮೊದಲು ಎಡಗಡಿದು. ಹಾರ್ನ್ ಹೊಡದ್ರೂ ತಿರಗತಿದ್ದಿಲ್ಲ.
ಆಮ್ಯಾಲ ಪೆಟ್ಟು ಒಂದು ಎಳಿಯಷ್ಟು ಹಿಂದ ಬೀಳಾಕ ಹತ್ತಿತು,
ಮಗ್ಗದ ಮಂದಿಗೆ ಒಂದ ಎಳಿ ಅಂದ್ರೂ ಕಾಣತೈತಿ.
ಯಾರೂ ಏನೂ ಅನ್ನಲಿಲ್ಲ. ಅದಕ್ಕ ಸಿಟ್ಟು ಬಂತೇನೊ,
ಕಡ್ಡಿ ಎರಡೂ ನನ್ನ ಮುಂದ, ಗ್ಲಾಸಿನ ಹಂತ್ಯಾಕ ಒಗದು ಇಳದ.
“ನಾಯಿ ಹೊಡ್ಯಾಕ ಬರತಾವು, ಇಟಗೊ.”

ಈಗ ಸುಗಲಾ ಬಾರಸತಾಳ. ರಬಕವಿ ಹುಡಿಗಿ, ಇಪ್ಪತ್ತೆರಡು.
ಒಂದು ಹಲಗಿ, ಎರಡು ಎಣ್ಣಿ ಡಬ್ಬಿ, ಮುರದ ಲಾಳಿ.
ಎಲ್ಲಾ ಒಂದ ಗೋಣಿಚೀಲದಾಗ ಬರತೈತಿ.
ನಡಕ ಸುಮ್ಮನಾಗತಾಳ; ಸುಮ್ಮನಿರೂದನ್ನೂ ಬಾರಸಿದಂಗ.
ಯುಗಾದಿ ಮುಂದ ದಾನೇಶನೂ ಮಿರಜಕ್ಕ ಹೋಗಿ
ಗಿಟಾರು ಅದ ಅಂಗಡಿಗೆ ಕೊಟ್ಟು ಬಂದ.
“ಬಾಗಲಾ ಮ್ಯಾಲಿನ ಹೆಸರು ಇರಲಿ” ಅಂದ.
ಮೊದಲಿನವರೊಳಗ ಉಳದಾಂವ ನಾ ಒಬ್ಬನ,
ನಂಗೋ ಸೀಟಿ ಹೊಡ್ಯಾಕೂ ಬರೂದಿಲ್ಲ.

ಹ್ವಾದ ಗುರುವಾರ ಜಮಖಂಡಿ ಮೋಟಾರ್ ಸ್ಟ್ಯಾಂಡಿನ ಹಿಂದ
ಸ್ಪೀಕರ್ ಗಾಡಿ ಮ್ಯಾಲ ಕಟ್ಟಿದ್ವಿ.
ಎರಡನೇ ಹಾಡಿಗೆ ನೋಡತೀನಿ, ದಸ್ತಗೀರ.
ಮಂದಿ ಕಡೆ ಬೆನ್ನು, ತಗಡಿಗೆ ಅಂಗೈ.
ಸುಗಲಾ ಸುಮ್ಮನಾದಾಗ
ಅವನ ಬೆರಳೂ ನಿಂತವು.

ಚಾ ಕೊಟ್ಟೆ. ಹೆಂಗಾತು ಅಂತ ಕೈ ಮಾಡಿ ಕೇಳಿದೆ.
ಬಗ್ಗಿ ಗಾಲಿ ಸಂದ್ಯಾಗ ಇಣಕಿದ,
ತನಗ ಕೇಳೂಹಂಗ ದೊಡ್ಡ ಧ್ವನಿ ತಗದು ಅಂದ:
“ಎಡಕಿನ ಪಾಟಾದ ಬೋಲ್ಟ್ ಸಡ್ಲಾಗೇತಿ.
ತಾಳ ಇಲ್ಲಿಂದ ಸೋರಾಕ ಹತ್ತೇತಿ.
ಪಾನಾ ತಾ.”