ಆರು ಗಾಲಿ, ಮೂವತ್ತೆಂಟು ಸಾವಿರ

ಕಾರವಾರದ ಕೋಡಿಬಾಗ ರಸ್ತೆ, ಮುನಾಫ್ ಸಾಬರ ಅಂಗಡಿಯೆದುರು
ನಮ್ಮ ಮನೆ ಜಾಕಿನ ಮೇಲೆ ನಿಂತಿದೆ.
ಒಂದು ಮಗ್ಗುಲು ಎತ್ತಿದ್ದೇ ತಡ
ಒಳಗೆ ಸಾಸಿವೆ ಡಬ್ಬಿ ಉರುಳಿತು,
ಅದರ ಹಿಂದೆ ಲಟ್ಟಣಿಗೆ, ಅದರ ಹಿಂದೆ
ಇವರ ಮೊಣಕಾಲಿನ ಎಣ್ಣೆ ಬಾಟಲಿ.
ಸದ್ದಿನಿಂದಲೇ ಒಂದೊಂದನ್ನೂ ಗುರುತಿಸುತ್ತ
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೇನೆ,
ಮನೆಯ ಹೊರಗೆ, ಮನೆಯ ಎದುರಿಗೇ.

ಇಪ್ಪತ್ತಾರು ವರ್ಷದ ಗಾಡಿ.
ಮೊದಲು ಶಾಲೆಯ ಮಕ್ಕಳನ್ನು ಹೊತ್ತಿತ್ತು;
ಕಿಟಕಿಯ ತಗಡಿನಲ್ಲಿ ಈಗಲೂ ಯಾರೋ ಗೀಚಿದ
"ರೋಶನಿ ಕೋತಿ".
ಆಮೇಲೆ ನಮ್ಮನ್ನು: ಎರಡು ಮಂಚ, ಒಂದು ಒಲೆ,
ಗೋಡೆಗೆ ಬಿಗಿದ ರಿಪೇರಿ ಮೇಜು.
ಅಂಕೋಲೆ, ಕುಮಟೆ, ಹೊನ್ನಾವರ, ಘಟ್ಟ ಹತ್ತಿ ಶಿರಸಿ,
ಎಲ್ಲಿ ಹೊಲಿಗೆ ಯಂತ್ರ ಕೆಟ್ಟಿತೋ
ಅದೇ ಆ ವಾರಕ್ಕೆ ನಮ್ಮೂರು.

"ಹಳೇ ಟೈರಿಗೆ ಏನಾಗಿದೆ?" ಇವರ ವಾದ.
ರೂಪಾಯಿ ನಾಣ್ಯ ತೂರಿಸಿ ತೋರಿಸಿದರು,
"ನೋಡಿ, ಅರ್ಧ ಮುಳುಗಿತು. ಗೆರೆ ಇನ್ನೂ ಆಳ ಇದೆ."
ಸಾಬರು ಗೆರೆ ನೋಡಲಿಲ್ಲ.
ಕುಕ್ಕುರುಗಾಲಲ್ಲಿ ಕೂತು, ಹೆಬ್ಬೆರಳಿಗೆ ಉಗುಳು ಹಚ್ಚಿ
ಟೈರಿನ ಕೆನ್ನೆ ತಿಕ್ಕಿದರು.
ಕಪ್ಪಿನೊಳಗಿಂದ ನಾಲ್ಕು ಅಂಕಿ ಎದ್ದು ಬಂದವು:
ಮೂರು ಒಂದು, ಒಂದು ಒಂದು.
"ಹನ್ನೊಂದನೇ ಇಸವಿ, ಮೂವತ್ತೊಂದನೇ ವಾರ, ಬಾಯಿ.
ಇದಕ್ಕೆ ಬೇರೆ ಜಾತಕ ಬೇಡ."
ಆಮೇಲೆ ಉಗುರಿನಿಂದ ಬಿರುಕು ಬಿಡಿಸಿದರು,
ಉಪ್ಪುನೀರಿಗೆ ಒಡೆದ ಹಿಮ್ಮಡಿ.
"ಓಡಿ ಸವೆದದ್ದಲ್ಲ ರಾಯ್ಕರ್ ಮಾಸ್ತರೆ,
ಇದು ನಿಂತು ಸತ್ತದ್ದು."

ನಾನು ಇವರ ಕಡೆ ನೋಡಲಿಲ್ಲ.
ಆಪರೇಶನ್ನಿನ ನಂತರ ಮೂರು ಮಳೆಗಾಲ
ಸದಾಶಿವಗಡದಲ್ಲಿ ಭಾವನ ಅಂಗಳದೊಳಗೆ
ಗಾಡಿ ನಿಂತಲ್ಲೇ ನಿಂತಿತ್ತು. ನಾವೂ.
ಸಾಬರೇ, ನಾನು ಬಂದದ್ದು ರೇಟು ಕೇಳಲಿಕ್ಕೆ,
ವೇದಾಂತಕ್ಕಲ್ಲ.

ರೇಟು: ಹೊಸದು ಒಂದಕ್ಕೆ ಒಂಬತ್ತು ಸಾವಿರದ ನಾನೂರು.
ಆರಕ್ಕೆ ಐವತ್ತಾರು ಸಾವಿರದ ನಾನೂರು.
ಬಾಬಿನ್ ಡಬ್ಬಿಯಲ್ಲಿ ಇರುವುದು ಮೂವತ್ತೆಂಟು.
ಮೂಲೆಯಲ್ಲಿ ಹುಬ್ಬಳ್ಳಿಯಿಂದ ಬಂದ ಸೆಕೆಂಡ್ ಹ್ಯಾಂಡ್ ರಾಶಿ,
ಮದುವೆಗೆ ಹೊರಟ ಬೂಟಿನಂತೆ ಮಿರಿಮಿರಿ,
ಎರಡು ಸಾವಿರಕ್ಕೊಂದು.
ಇವರ ಕಣ್ಣು ಅಲ್ಲಿಗೇ. "ಆರಕ್ಕೆ ಹನ್ನೆರಡೇ!
ಉಳಿದದ್ದರಲ್ಲಿ ಗಾಡಿಗೆ ಬಣ್ಣ ಹೊಡೆಸಬಹುದು."
ನಾನೇ ಎದ್ದೆ. ಹೆಬ್ಬೆರಳಿಗೆ ಉಗುಳು. ತಿಕ್ಕಿದೆ.
ಅಂಕಿ ಇರಬೇಕಾದಲ್ಲಿ
ಉಜ್ಜಿ ತೆಗೆದ ನುಣುಪು.
ಸಾಬರು ಮೇಲೆ ತಗಡಿನ ಚಾವಣಿ ನೋಡಿದರು.
"ಅದು ನನ್ನ ತಮ್ಮನ ಮಾಲು," ಅಂದರು.

"ಮುಂದೆ ಎರಡು ಹೊಸದು ಹಾಕಿ ಬಾಯಿ,
ಸ್ಟೇರಿಂಗು ಸುಳ್ಳು ಹೇಳಬಾರದು.
ಹಿಂದೆ ಹೇಗೂ ಜೋಡಿ ಜೋಡಿ, ರಿಸೋಲ್ ನಡೆದೀತು.
ಒಂದು ಸೋತರೆ ಪಕ್ಕದ್ದು ಹಿಡಿದುಕೊಳ್ಳುತ್ತದೆ,
ಹೋಟೆಲು ಕಾಣುವ ತನಕ."
ಅರಬೈಲು ಘಟ್ಟದ ಇಳಿಜಾರು ಕಣ್ಣೆದುರು ಬಂತು:
ಬ್ರೇಕಿನ ವಾಸನೆ, ಬಲಕ್ಕೆ ಅದಿರಿನ ಲಾರಿ,
ಎಡಕ್ಕೆ ಏನೂ ಇಲ್ಲ,
ಬೆನ್ನ ಹಿಂದೆ ಪಾತ್ರೆ ಪಗಡೆಯೆಲ್ಲ
ನನಗಿಂತ ಮೊದಲು ಕೆಳಗೆ ತಲುಪುವ ಅವಸರದಲ್ಲಿ.
ಹೂಂ ಅಂದೆ.

ಎರಡು ಹೊಸದು, ನಾಲ್ಕು ರಿಸೋಲ್,
ಮೂವತ್ತನಾಲ್ಕು ಸಾವಿರದ ನಾನೂರು.
ಟ್ಯೂಬು, ಅಲೈನ್‌ಮೆಂಟು, ಹುಡುಗನ ಚಹಾ,
ಡಬ್ಬಿಯ ತಳದಲ್ಲಿ ಎರಡು ಸೂಜಿ ಕಂಡವು.
ಬಣ್ಣ ಇಲ್ಲ.
ಇವರು ಅಂಕೋಲೆಯ ತನಕ ಮಾತಾಡಲಿಲ್ಲ,
ಅಲ್ಲಿ ಒಂದು ತಿರುವಿನಲ್ಲಿ ಮಾತ್ರ
ಸ್ಟೇರಿಂಗಿನಿಂದ ಒಂದು ಕೈ ತೆಗೆದು ನೋಡಿದರು.
ಗಾಡಿ ನೆಟ್ಟಗೆ ಹೋಯಿತು.

ಹಳೆಯ ಆರನ್ನೂ ಸಾಬರು ಬೈತಖೋಲದ ದೋಣಿಯವರಿಗೆ ಮಾರಿದರಂತೆ,
ನೂರೈವತ್ತಕ್ಕೊಂದು.
ಮೊನ್ನೆ ಬಂಗಡೆಗೆಂದು ಬಂದರಿಗೆ ಹೋದರೆ
ಟ್ರಾಲರೊಂದರ ಪಕ್ಕೆಗೆ ಹಗ್ಗದಲ್ಲಿ ತೂಗಿತ್ತು,
ನಾನೇ ಹಳದಿಯಲ್ಲಿ ಬರೆದದ್ದು: "ಎಡ ಹಿಂದೆ".
ಪ್ರತಿ ಅಲೆಗೂ ದೋಣಿ ಧಕ್ಕೆಯ ಗೋಡೆಗೆ ಬರುತ್ತಿತ್ತು,
ಟೈರು ನಡುವೆ ಸಿಕ್ಕಿ, ಕಿರ್ರೆಂದು ಅಮುಕಿಸಿಕೊಂಡು
ಮತ್ತೆ ಉಬ್ಬುತ್ತಿತ್ತು.
ಎಷ್ಟು ಬೇಕು ಅಂತ
ಮೀನಿನವಳು ಎರಡು ಸಲ ಕೇಳಬೇಕಾಯಿತು.